ಬಿಸಿನೀರಿನ ಚೀಲದ ಗವಸು

ನೀಲಮ್ಮ, ನಿಮ್ಮ ಕೌದಿಯಲ್ಲಿ ಏನೂ ಇರಲಿಲ್ಲ. ನಿಮ್ಮ ಮೊಮ್ಮಗನ ಮೈಗೆ ಸೋಂಕು ತಗುಲಿದ್ದು ನಾನು ಇಟ್ಟ ಬಿಸಿನೀರಿನ ಚೀಲದಿಂದ. ಇದು ನನಗೆ ಅಂದೇ ಗೊತ್ತಿತ್ತು — ಹೇಳಲಿಲ್ಲ.

ಆಗಿನ್ನೂ ಮೈಸೂರು ರಾಜ್ಯ. ಸೇಡಂ ಕಡೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ನರ್ಸ್. ಚಳಿಗಾಲದಲ್ಲಿ ನಿಮ್ಮ ಸೊಸೆ ಕಾಶಮ್ಮನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸಿನ ಮೈ ತಣ್ಣಗಿತ್ತು. ಕಾವು ಕೊಡಲು ನಮ್ಮಲ್ಲಿದ್ದದ್ದು ಒಂದೇ ರಬ್ಬರ್ ಚೀಲ, ಅದಕ್ಕೆ ನಾನೇ ಹೊಲಿದ ಫ್ಲಾನೆಲ್ ಗವಸು. ಆ ಗವಸಿನ ಬಗ್ಗೆ ನನಗೆ ಹೆಮ್ಮೆ ಬೇರೆ! ಹಿಂದಿನ ದಿನ ಅದು ಪಕ್ಕದ ಮಂಚದ ಕೂಸಿನ ಬಳಿ ಇತ್ತು. ಆ ಕೂಸಿನ ಮೈಮೇಲೆ ಕೀವುಗುಳ್ಳೆಗಳಿದ್ದವು. ಚೀಲವನ್ನು ಸ್ಪಿರಿಟ್ ಹಚ್ಚಿ ಒರೆಸಿದೆ. ಗವಸನ್ನು ಕುದಿಸಬೇಕಿತ್ತು — ಕುದಿಸಿದರೆ ಒಣಗುವುದು ಯಾವಾಗ, ಕೂಸಿಗೆ ಕಾವು ಕೊಡುವುದು ಯಾವಾಗ... ಒಗೆದ ಟವೆಲ್ ಸುತ್ತಬಹುದಿತ್ತು. ಅದು ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆಯಿತು, ಹುಡುಕಲು ಬೇಸರವಾಯಿತು. ಗವಸಿನ ಒಳಮಗ್ಗುಲನ್ನು ಹೊರಗೆ ಮಾಡಿ ಹಾಕಿಬಿಟ್ಟೆ.

ಕೆಲವೇ ದಿನಗಳಲ್ಲಿ ನಿಮ್ಮ ಕೂಸಿನ ಕಂಕುಳಲ್ಲಿ ಅವೇ ಗುಳ್ಳೆಗಳು ಎದ್ದವು. ಆಮೇಲೆ ಜ್ವರ. ಔಷಧ ಹತ್ತಲಿಲ್ಲ, ಕೂಸು ಹೋಯಿತು.

"ಇದು ಎಲ್ಲಿಂದ ಬಂತ್ರಿ, ಸಿಸ್ಟರ್?" ಎಂದು ಕಾಶಮ್ಮ ಕೇಳಿದಾಗ ಡಾಕ್ಟರೂ ನನ್ನ ಮುಖ ನೋಡಿದರು. ಕೂಸಿನ ಕೆಳಗೆ ನಿಮ್ಮ ಕೌದಿ ಇತ್ತು — ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದು, ಒಗೆದು, ಬಿಸಿಲಿಗೆ ಹಾಕಿ ನೀವು ತಂದದ್ದು. ನಾನು ಅದರತ್ತ ಬೆರಳು ಮಾಡಿದೆ.

"ಮನೀ ಅರಿವಿ ತರಬ್ಯಾಡ್ರಿ ಅಂದ್ರ ಕೇಳ್ತೀರೇನ್ರಿ? ಈ ಕೌದಿಯಿಂದೇ ಬಂದದ."

ಮನೆಯ ಬಟ್ಟೆ ತರಬೇಡಿ ಎಂದು ನಾನು ಹೇಳಿರಲೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ — ಬರೆ ಎಳೆದವಳು ನಾನು. ನೀವು ಕೌದಿ ಮಡಚಿಕೊಂಡು ಹೊರಗೆ ಹೋದಿರಿ.

ಅದೇ ಸಂಜೆ ಗವಸನ್ನು ಕುದಿಸಿದೆ. ಮುಂದೆ ನೌಕರಿ ಇರುವ ತನಕ ಒಂದು ಕೂಸಿನ ಗವಸನ್ನು ಇನ್ನೊಂದು ಕೂಸಿಗೆ ಹಾಕಲಿಲ್ಲ. ಹೊಸ ನರ್ಸುಗಳಿಗೂ ಬೈದು ಬೈದು ಕಲಿಸಿದೆ. ಎಲ್ಲರೂ ನನ್ನನ್ನು ಶಿಸ್ತಿನವಳು ಎಂದರು. ಆ ಹೊಗಳಿಕೆ ಕೇಳಿದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಆದರೂ ಯಾಕೆ ಹೀಗೆ ಎಂದು ಯಾರಿಗೂ ಹೇಳಲಿಲ್ಲ.

ಕಳೆದ ವಾರ ಚಿಮ್ಮನಚೋಡಕ್ಕೆ, ನಿಮ್ಮ ಮನೆಗೆ ಹೋಗಿದ್ದೆ. ನೀವು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕಾಶಮ್ಮನಿಗೆ ಎಲ್ಲವನ್ನೂ ಹೇಳಿದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ.

"ಆಮ್ಯಾಲ ನನಗ ಇಬ್ಬರು ಹುಟ್ಟಿದ್ರು," ಎಂದಳು. "ನಮ್ಮತ್ತಿ ಒಬ್ಬರನ್ನೂ ಎತ್ತಕೊಳ್ಳಿಲ್ರಿ. ದೂರ ಕುಂತು ನೋಡ್ತಿದ್ಳು. ನಾನೂ ಆಕಿ ಕೈಯಾಗ ಕೊಡ್ಲಿಲ್ಲ."

ಕೊಡದಂತೆ ಮಾಡಿದವಳು ನಾನು, ನೀಲಮ್ಮ.