ಭಾನುವಾರದ ಫ್ಲಾಸ್ಕು

ಉಜಿರೆಯ ಕಾಲೇಜೊಂದರ ಲ್ಯಾಬಿನಲ್ಲಿ ರಾಜೀವಿ ಹತ್ತೊಂಬತ್ತು ವರ್ಷಗಳಿಂದ ಅಟೆಂಡರ್. ಓದಿದ್ದು ಏಳನೆಯ ತರಗತಿ. ಮಕ್ಕಳು ಪ್ರಯೋಗ ಮುಗಿಸಿ ಹೋದ ಮೇಲೆ ಗಾಜಿನ ಸಾಮಾನು ತೊಳೆದಿಡುವುದು ಅವಳ ಕೆಲಸ.

ಈ ವರ್ಷ ಎಂಎಸ್ಸಿಯ ವಿಸ್ಮಿತಾ ಗೋಧಿ ಬೂಸದಲ್ಲಿ ಬೂಷ್ಟು ಬೆಳೆಸುತ್ತಿದ್ದಳು. ಬೂಷ್ಟು ಬಿಡುವ ಕಿಣ್ವ ಪಿಷ್ಟವನ್ನು ಕರಗಿಸುತ್ತದೆ. ಆ ಕಿಣ್ವವನ್ನು ಹೆಚ್ಚು ಪಡೆಯುವುದೇ ಪ್ರಾಜೆಕ್ಟು. ಪಿಷ್ಟದ ಪದರ ಹೆಪ್ಪುಗಟ್ಟಿಸಿದ ತಟ್ಟೆಗೆ ಕಿಣ್ವ ಹಾಕಿ ಅಯೋಡಿನ್ ಸುರಿದರೆ ಉಳಿದದ್ದೆಲ್ಲ ನೀಲಿಯಾಗಿ, ಕರಗಿದಷ್ಟು ಜಾಗ ತಿಳಿಯಾಗಿ ಉಳಿಯಬೇಕು. ವಿಸ್ಮಿತಾ ಎರಡು ಸಲ ಮಾಡಿದರೂ ತಿಳಿ ವೃತ್ತ ಬಟಾಣಿಯಷ್ಟೇ ಬಂತು.

ಫ್ಲಾಸ್ಕು ತೊಳೆಯುತ್ತಿದ್ದ ರಾಜೀವಿ ಕೇಳಿದಳು, "ಇದಕ್ಕೆ ನೀರೆಷ್ಟು ಹಾಕಿದ್ದು?"

"ಹತ್ತು ಗ್ರಾಮಿಗೆ ಇಪ್ಪತ್ತು ಎಂ.ಎಲ್., ರಾಜೀವಿಯಕ್ಕ."

"ಅಡಿಯಲ್ಲಿ ಗಂಜಿ ಆಗಿದೆ ಮಾರಾಯ್ತಿ. ಬೂಷ್ಟಿಗೆ ಗಾಳಿ ಎಲ್ಲಿ ಉಂಟು? ಹಿಂಡಿದರೆ ಉಂಡೆ ಆಗಬೇಕು, ನೀರು ಇಳಿಯಬಾರದು. ಕಡಿಮೆ ಹಾಕಿ ನೋಡುವ."

ವಿಸ್ಮಿತಾ ಐದು, ಹತ್ತು, ಹದಿನೈದು ಎಂ.ಎಲ್. ನೀರಿನ ಫ್ಲಾಸ್ಕುಗಳನ್ನು ಸಾಲಿಗೆ ಮೂರರಂತೆ ಕೆಲವು ಸಾಲು ಇಟ್ಟಳು. ಮೂರನೆಯ ದಿನದಿಂದ ದಿನಕ್ಕೊಂದು ಸಾಲು ತೆಗೆದು ಪರೀಕ್ಷಿಸಬೇಕು. ನಾಲ್ಕನೆಯ ದಿನ ಭಾನುವಾರ ಬಿತ್ತು. ಅಂದೇ ಮೂಡುಬಿದಿರೆಯಲ್ಲಿ ಅವಳ ಅಕ್ಕನ ಮದುವೆ.

"ನೀನು ಹೋಗು, ಲ್ಯಾಬಿಗೆ ನಾನು ಬರ್ತೇನೆ" ಎಂದಳು ರಾಜೀವಿ. ವಿಭಾಗದ ಮುಖ್ಯಸ್ಥ ಜಯಪ್ರಕಾಶ್ ಸರ್ ಒಪ್ಪಿ ಬೀಗದ ಕೈ ಕೊಟ್ಟರು.

ಭಾನುವಾರ ರಾಜೀವಿ ತನ್ನೂರು ನಾರಾವಿಯಿಂದ ಎರಡು ಬಸ್ಸು ಹತ್ತಿ ಬಂದಳು. ಇಷ್ಟು ವರ್ಷ ನೋಡಿದ ಕೆಲಸವನ್ನು ಮೊದಲ ಸಲ ತಾನೇ ಮಾಡಬೇಕಿತ್ತು. ಬೂಸಕ್ಕೆ ನೀರು ಬೆರೆಸಿ, ಕಲಕಿ, ಸೋಸಿ, ತಟ್ಟೆಯ ಗುಳಿಗಳಿಗೆ ಹನಿ ಹಾಕಿದಳು. ಬುತ್ತಿ ಉಂಡು ಸಂಜೆಯವರೆಗೆ ಕಾದಳು. ಅಯೋಡಿನ್ ಸುರಿದಾಗ ಹತ್ತು ಎಂ.ಎಲ್. ಫ್ಲಾಸ್ಕಿನ ಹನಿಯ ಸುತ್ತ ದೊಡ್ಡ ವೃತ್ತ ತೆರೆದುಕೊಂಡಿತು. ಮೂರು ಸಲ ಅಳೆದಳು. ಇಪ್ಪತ್ತಾರು ಮಿಲಿಮೀಟರ್.

ತೋರಿಸಲು ಇದ್ದವನು ಗೇಟಿನ ವಾಚ್‌ಮನ್ ಹನೀಫಾ ಒಬ್ಬನೇ. ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು, "ಚಂದ ಉಂಟು. ಇದು ಯಾಕೆ?" ಎಂದ. ರಾಜೀವಿ ಕುಳಿತು ಪೂರ್ತಿ ವಿವರಿಸಿದಳು.

ಐದನೆಯ ದಿನದಿಂದ ವೃತ್ತ ಚಿಕ್ಕದಾಗುತ್ತ ಹೋಯಿತು. ಇನ್ನೊಮ್ಮೆ ಮಾಡಿದಾಗಲೂ ನಾಲ್ಕನೆಯ ದಿನವೇ ಮೇಲಾಯಿತು.

ದಾಖಲೆ ಪುಸ್ತಕದಲ್ಲಿ ಆ ಭಾನುವಾರದ ಪುಟ ಮಾತ್ರ ರಾಜೀವಿ ಬರೆದ ಕನ್ನಡ ಅಂಕಿಗಳಲ್ಲಿತ್ತು. ಜಯಪ್ರಕಾಶ್ ಸರ್ ಅದನ್ನು ನೋಡಿ, "ಇದನ್ನು ಪುನಃ ಬರೆಸುವುದು ಬೇಡ, ಹೀಗೇ ಇರಲಿ" ಎಂದರು. ರಾಜೀವಿ ತಲೆ ತಗ್ಗಿಸಿ ನಕ್ಕಳು.

ಈಗ ಹೊಸ ವಿದ್ಯಾರ್ಥಿಗಳು ಬೂಸ ನೆನೆಸುವಾಗ ಅವಳನ್ನು ಕರೆಯುತ್ತಾರೆ. ಅವಳು ಕೈ ತೊಳೆದು ಬಂದು ಒಂದು ಮುಷ್ಟಿ ಹಿಂಡಿ ನೋಡಿ, "ಇನ್ನೊಂಚೂರು ನೀರು ಬೇಕು" ಎನ್ನುತ್ತಾಳೆ.