ಎದುರುಮನೆಯಲ್ಲಿ ಮಡಗಿದ ಚೀಲ

ನನ್ನ ಗಂಡ ಕೊಳ್ಳೇಗಾಲದಿಂದ ಹನೂರು, ಮಾದಪ್ಪನ ಬೆಟ್ಟಕ್ಕೆ ಬಸ್ಸು ಓಡಿಸಿ ಓಡಿಸಿ ರಿಟೈರಾದವರು. ಜೀವಮಾನವೆಲ್ಲ ಘಾಟಿಯ ತಿರುವು ಸುತ್ತಿದ ಮನುಷ್ಯನಿಗೆ ಕೊನೆಗೊಂದು ಆಸೆ ಹತ್ತಿತು. ರಾಜಸ್ಥಾನದ ಮರುಭೂಮಿಯಲ್ಲಿರುವ ರಾಷ್ಟ್ರೀಯ ಉದ್ಯಾನ ನೋಡಬೇಕಂತೆ! ಅಲ್ಲಿನ ದೊಡ್ಡ ಹಕ್ಕಿಯನ್ನು ಟೀವಿಯಲ್ಲಿ ನೋಡಿದ್ದರು.

"ಒಂದು ತಿರುವಿಲ್ಲ ಕಣಮ್ಮಿ, ಕಣ್ಣು ಆಯ್ಸಿದಷ್ಟೂ ನೇರ ರಸ್ತೆ. ಸೊಂಟದೆತ್ತರದ ಅಕ್ಕಿ ನಡ್ಕಂಡು ಓಯ್ತಾ ಇರ್ತದೆ."

"ನಿಮ್ಮ ತಲೆ! ಯಳಂದೂರು ದಾಟಿದ್ರೆ ಬಿಳಿಗಿರಿ ಬೆಟ್ಟ, ಅಲ್ಲಿಲ್ಲದ ಅಕ್ಕಿನಾ?" ಅಂದೆ.

ಬೈದೆನೇ ಹೊರತು ತಡೆಯಲಿಲ್ಲ. ಅವರಿಗೆ ಉಬ್ಬಸ, ವರ್ಷದಿಂದ ವರ್ಷಕ್ಕೆ ಜಾಸ್ತಿ. ಈ ಚಳಿಗಾಲ ಕಳೆದರೆ ದೂರದ ಪ್ರಯಾಣದ ಮಾತೇ ಬೇಡ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಈಗ ಹೋಗದಿದ್ದರೆ ಇನ್ನು ಇಲ್ಲ.

ಆಮೇಲೆ ಮನೆಯಲ್ಲಿ ರೂಟಿನದೇ ಮಾತು. "ಕೊಳ್ಳೇಗಾಲ ಬಿಟ್ರೆ ಮೈಸೂರು, ಮೈಸೂರು ಬಿಟ್ರೆ ರೈಲಲ್ಲಿ ಅಜ್ಮೀರ, ಅಲ್ಲಿ ನೈಟಾಲ್ಟು. ಅಜ್ಮೀರ ಬಿಟ್ರೆ ಜೋಧಪುರ, ಜೈಸಲ್ಮೇರು. ಅಲ್ಲಿಂದಾಚೆಗೆ ಜೀಪು." ಮಾರನೇ ದಿನ ಅದು ಬೇಡ, ಬೆಂಗಳೂರ ಮೇಲೆ ಹೋಗೋಣ. ಮುದ್ದೆ ಉಣ್ಣುವಾಗಲೂ ತಟ್ಟೆಯ ಸಾರಿನಲ್ಲಿ ಬೆರಳಾಡಿಸಿ ರೂಟು ಗೀಚೋರು. ನನಗೂ ಒಳಗೊಳಗೇ ಖುಷಿ.

ಕೊನೆಗೆ ಮೈಸೂರಿನ ರೈಲಿಗೇ ಟಿಕೆಟ್ಟಾಯಿತು, ಬುಧವಾರಕ್ಕೆ. ಹೊನ್ನೂರಿಂದ ಬಂದ ಅವರಕ್ಕ ಬಾಯಿ ಬಡಿದುಕೊಂಡರು. "ಬುದ್ವಾರ ಬಡಗಲಿಗೆ ಶೂಲ ಕಣ್ಲಾ! ಆ ದಿಕ್ಕಿಗೆ ಓಗ್ಬಾರ್ದು. ಭಾನ್ವಾರವೇ ಪರಸ್ತಾನ ಮಡಗ್ಬುಡು."

ಪರಸ್ತಾನ ಅಂದರೆ, ಒಳ್ಳೇ ದಿನ ನೋಡಿ ಪಯಣದ ಚೀಲವನ್ನು ಬೇರೆಯವರ ಮನೆಯಲ್ಲಿಡೋದು. ಅಲ್ಲಿಗೆ ಹೊರಟಂಗೇ ಲೆಕ್ಕ, ಆಮೇಲೆ ಯಾವ ಶೂಲವೂ ತಟ್ಟಲ್ಲ. ಆದರೆ ಇಟ್ಟ ಚೀಲ ತಿರುಗಿ ನಮ್ಮ ಹೊಸಿಲು ದಾಟಿ ಒಳಗೆ ಬರಕೂಡದು. ಬಂತೋ, ಪಯಣ ಮುರೀತು.

ಭಾನುವಾರ ಬೆಳಿಗ್ಗೆ ಅವರೇ ಚೀಲ ಹೊತ್ತುಕೊಂಡು ಹೋಗಿ ಎದುರುಮನೆಯಲ್ಲಿಟ್ಟು ಬಂದರು. ಸ್ವೆಟರು, ಟವಲು, ಮಾತ್ರೆ, ಉಬ್ಬಸಕ್ಕೆ ಬಾಯಿಗೆ ಹೊಡೆದುಕೊಳ್ಳುವ ಹೊಸ ಪಂಪು, ಎಲ್ಲ ಅದರಲ್ಲೇ. ಡ್ರೈವರ್ ಬುದ್ಧಿ, ಗಾಡಿ ಹೊರಡೋ ಮೊದಲೇ ಎಲ್ಲ ತುಂಬಿಸಿಬಿಡಬೇಕು.

ಸೋಮವಾರ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಒಳಗಿಂದ ಎಳೆದೆಳೆದು ಉಸಿರಾಡುವ ಸದ್ದು. ಓಡಿಹೋಗಿ ಹಳೇ ಪಂಪು ಒತ್ತಿದರೆ ಖಾಲಿ. ಅಯ್ಯೋ ಮಾದಪ್ಪ! ಎದುರುಮನೆಗೆ ಹೊರಟವಳ ಸೆರಗು ಹಿಡಿದುಕೊಂಡರು.

"ತರ್ಬ್ಯಾಡ... ಪರಸ್ತಾನ..."

"ಪರಸ್ತಾನಕ್ಕೆ ಬೆಂಕಿ ಬೀಳ!" ಅಂತ ಸೆರಗು ಕಿತ್ತುಕೊಂಡು ಓಡಿದೆ. ಎಷ್ಟು ಎಳೆದರೂ ಜಿಪ್ಪು ಬರಲಿಲ್ಲ. ಚೀಲವನ್ನೇ ಎತ್ತಿಕೊಂಡು ಬಂದೆ, ಎದುರುಮನೆಯಾಕೆ ಆಟೋಗೆ ಕೂಗುತ್ತಾ ಬೀದಿಗೆ ಓಡಿದಳು.

ಗೋಡೆಗೆ ಒರಗಿದ್ದವರು ನನ್ನ ಮುಖ ನೋಡಲಿಲ್ಲ, ಚೀಲ ನೋಡಿದರು. "ತಂದ್ಬುಟ್ಟಾ," ಅಂದರು, ಅಷ್ಟೇ. ಪಂಪು ತೆಗೆದು ಬಾಯಿಗಿಟ್ಟು ಒತ್ತಿದೆ. ಅದನ್ನು ಎಳೆದುಕೊಳ್ಳೋ ಉಸಿರು ಅವರಲ್ಲಿರಲಿಲ್ಲ.

ಇದ್ದ ಒಂದು ಉಸಿರನ್ನೂ ಆ ಚೀಲಕ್ಕೆ ಹಾಕಿದರಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಅವರಕ್ಕ ಬಂದವರೇ, "ಚೀಲ ಒಳಕ್ಕೆ ತರ್ಬಾರ್ದಾಗಿತ್ತು ಕಣವ್ವ," ಅಂದರು.

ಮಾರನೇ ದಿನ ಮಂಗಳವಾರ. ಬಡಗಲಿಗೆ ಅವತ್ತೂ ಶೂಲವೇ. ನಮ್ಮವರ ಸ್ಮಶಾನ ಇರೋದು ಬಡಗಲಲ್ಲೇ. ಅವರನ್ನು ಆ ದಿಕ್ಕಿಗೇ ಹೊತ್ತುಕೊಂಡು ನಡೆದರು.