ಮಸುಕಿನಲ್ಲಿ ನಿಂತ ಸೆಲ್ವಿ

ಹೋದ ಭಾನುವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಮೊಮ್ಮಗಳು ಸೋಫಾದ ಮೇಲೆ ಕೂತು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಾಳೆ, ಒಂದೊಂದು ರೆಪ್ಪೆಗೂದಲನ್ನೂ ಎಣಿಸಬಹುದು. ಅವಳ ಹಿಂದೆ ಮೆರೂನ್ ಬಣ್ಣದ ಒಂದು ಗುಡ್ಡೆ, ಬೀಟ್‌ರೂಟ್ ಪಲ್ಯ ಚೆಲ್ಲಿ ಒರೆಸಿದ ಹಾಗೆ. ಆ ಗುಡ್ಡೆ ನಾನು. ಐದು ತಿಂಗಳ ಕೂಸು ತಾನಾಗಿ ಕೂರುತ್ತದೆಯೇ, ನೀವೇ ಹೇಳಿ. ಅದರ ಬೆನ್ನಿಗೆ ಕೈ ಕೊಟ್ಟು, ಸೊಂಟ ಬಗ್ಗಿಸಿಕೊಂಡು, ಉಸಿರು ಬಿಗಿಹಿಡಿದು ನಿಂತವಳು ನಾನು. ಫೋನು ನನ್ನನ್ನು ಕಲಸಿಹಾಕಿದ್ದು ಸಾಲದೆಂದು ಮಗುವಿನ ಎಡಗಿವಿಯನ್ನೂ ಅರ್ಧ ತಿಂದಿತ್ತು.

ಮಗಳು ಅನುವಿಗೆ ಫೋನ್ ಮಾಡಿ, "ನಾನೆಲ್ಲೇ ಇದರಲ್ಲಿ?" ಎಂದು ಕೇಳಿದೆ.

"ಅಯ್ಯೋ ಅಮ್ಮಾ, ಪೋರ್ಟ್ರೇಟ್ ಮೋಡ್ ಅದು. ಹಿಂದಿಂದೆಲ್ಲ ಬ್ಲರ್ ಆಗ್ಲೇಬೇಕು. ನೀನು ಸ್ವಲ್ಪ ಆ ಕಡೆ ಸರ್ಕೊಂಡಿದ್ರೆ ಮಗು ಒಂದೇ ಬರ್ತಿತ್ತು."

ಮೈಯೆಲ್ಲ ಉರಿದುಹೋಯಿತು. ನಾನು ಸರಿದಿದ್ದರೆ ಮಗು ಮುಗ್ಗರಿಸಿ ನೆಲಕ್ಕೆ ಬೀಳುತ್ತಿತ್ತು ಕಣೇ ಎಂದು ರೇಗಿ ಫೋನ್ ಇಟ್ಟೆ. ಆಮೇಲೆ ಯೋಚಿಸಿದೆ, ಪಾಪ, ಅವಳದೇನು ತಪ್ಪು? ಅಪ್ಪನ ಚಾಳಿ ಮಗಳಿಗೆ ಬಂದಿದೆ, ಅಷ್ಟೆ.

ನಮ್ಮ ಯಜಮಾನರ ಲೆನ್ಸ್ ಹುಚ್ಚಿನ ಬಗ್ಗೆ ನಿಮಗೆ ಸ್ವಲ್ಪ ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೆ ಅನ್ನ ಅರಗುವುದಿಲ್ಲ. ಆಗ ನಾವು ಮರ್ಫಿ ಟೌನಿನ ಒಂದು ವಠಾರದಲ್ಲಿದ್ದೆವು. ಅವರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ನನಗೆ ವಿಮಾ ಕಚೇರಿಯಲ್ಲಿ. ಒಂದು ಶನಿವಾರ ಶಿವಾಜಿನಗರಕ್ಕೆ ಮಿಕ್ಸಿ ರಿಪೇರಿಗೆಂದು ಹೋದ ಮನುಷ್ಯ ಮಿಕ್ಸಿಯನ್ನು ಹಾಗೇ ಕಂಕುಳಲ್ಲಿಟ್ಟುಕೊಂಡು, ಕೊರಳಿಗೆ ಹಳೇ ಕ್ಯಾಮೆರಾ ನೇತುಹಾಕಿಕೊಂಡು ವಾಪಸ್ ಬಂದರು. "ಫಿಫ್ಟಿ ಎಂಎಂ ಕಣೇ, ಒನ್ ಪಾಯಿಂಟ್ ಫೋರ್!" ಅಂದರು, ಅದು ಲೆನ್ಸಿನ ಅಳತೆಯಂತೆ. ಒಂದು ತಿಂಗಳು ಒರಳಿನಲ್ಲಿ ರುಬ್ಬಿದವಳು ನಾನು.

ಲೆನ್ಸಿನ ಬಾಯಿ ಎಷ್ಟು ಅಗಲ ತೆರೆದರೆ ಹಿಂದಿನದು ಅಷ್ಟು ಮಸುಕಾಗುತ್ತದಂತೆ. ಇವರೋ, ಆ ಬಾಯಿಯನ್ನು ಒಂದು ದಿನವಾದರೂ ಚಿಕ್ಕದು ಮಾಡಿದವರಲ್ಲ. "ಹಿಂದಿಂದೆಲ್ಲ ಬೆಣ್ಣೆ ತರ ಕರಗಿ ಹೋಗ್ಬೇಕು" ಎನ್ನುವುದೇ ಅವರ ಮಂತ್ರ. ಅದೂ ಸಾಲದೆ ದೂರದಿಂದ ತೆಗೆಯುವ ಒಂದು ಉದ್ದ ಲೆನ್ಸು ಬಂತು. ನಮ್ಮನ್ನು ಗಲ್ಲಿಯ ಒಂದು ತುದಿಯಲ್ಲಿ ನಿಲ್ಲಿಸಿ, ಇವರು ಇನ್ನೊಂದು ತುದಿಗೆ ಹೋಗಿ, "ನಗೀ! ನಗೀ!" ಎಂದು ಕೂಗುವರು. ನಡುವೆ ಆಟೋ, ಹಾಲಿನವನ ಸೈಕಲ್ಲು, ಯಾರದೋ ಮನೆಯ ಕೋಳಿ. ನಮ್ಮ ಬದಲು ದಾರಿಹೋಕರೆಲ್ಲ ನಗುತ್ತಿದ್ದರು. ನನ್ನ ತಮ್ಮ ಕೊಟ್ಟಿದ್ದ ಪ್ಲಾಸ್ಟಿಕ್ ಕ್ಯಾಮೆರಾ ಒಂದಿತ್ತು. ಅದಕ್ಕೆ ಈ ಬಿನ್ನಾಣವೇನೂ ಗೊತ್ತಿಲ್ಲ. ಎದುರಿಗಿದ್ದ ಮೂಗಿನಿಂದ ಹಿಡಿದು ಮೂಲೆಯ ಟ್ರಾನ್ಸ್‌ಫಾರ್ಮರ್‌ವರೆಗೆ ಎಲ್ಲವನ್ನೂ ಒಂದೇ ಸಮ ಸ್ಪಷ್ಟವಾಗಿ ತೋರಿಸುತ್ತಿತ್ತು. ಇವರು ಅದನ್ನು 'ಡಬ್ಬಾ' ಎಂದು ಕರೆದು ಅಕ್ಕಿಡಬ್ಬದ ಪಕ್ಕಕ್ಕೆ ತಳ್ಳಿದ್ದರು.

ಪಕ್ಕದ ಮನೆಯಲ್ಲಿದ್ದವಳು ಸೆಲ್ವಿ. ಹಲಸೂರು ಮಾರ್ಕೆಟ್ಟಿಗೆ ಹೂ ಕಟ್ಟಿಕೊಡುತ್ತಿದ್ದಳು. ನಾನು ಕೆಲಸಕ್ಕೆ ವಾಪಸ್ ಹೋಗುವಾಗ ಅನುವಿಗೆ ನಾಲ್ಕು ತಿಂಗಳು. ಬಾಗಿಲಲ್ಲಿ ಅಳುತ್ತಾ ನಿಂತಿದ್ದ ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡೇ ಅಂದಳು: "ಹೋಗಕ್ಕಾ, ಬಸ್ಸು ಹೋಗ್ಬಿಡುತ್ತೆ. ನನ್ ಮುರುಗನ್ ಜೊತೆ ಇವಳೂ ಬೆಳೀತಾಳೆ." ನಾಲ್ಕು ವರ್ಷ ಬೆಳೆಸಿದಳು. ಅನು ಮೊದಲು ಕಲಿತ ಮಾತುಗಳಲ್ಲಿ ಅರ್ಧ ತಮಿಳು. ಆಮೇಲೆ ನಾವು ಹೊರಮಾವಿಗೆ ಬಂದೆವು. ಬರುತ್ತಿರುತ್ತೇವೆ ಎಂದು ಹೇಳಿ ಬಂದವರು ಮತ್ತೆ ಹೋದದ್ದು ಎರಡೋ ಮೂರೋ ಸಲ.

ಅನು ಜೊತೆ ಜಗಳವಾದ ಮರುದಿನವೇ ಸೆಲ್ವಿಯ ಮಗ ಮುರುಗ ಫೋನ್ ಮಾಡಿದ. ಈಗ ಕೆ.ಆರ್. ಪುರದಲ್ಲಿ ಎಲೆಕ್ಟ್ರಿಷಿಯನ್, ಮನೆ ಮಾತ್ರ ಇನ್ನೂ ಮರ್ಫಿ ಟೌನಿನಲ್ಲೇ. ಅಲ್ಲಿನ ಸಂತೆಯಲ್ಲಿ ಒಮ್ಮೆ ಇವರನ್ನು ಕಂಡು ನಮ್ಮ ನಂಬರ್ ಬರೆದುಕೊಂಡಿದ್ದನಂತೆ.

"ಆಂಟಿ, ಅಮ್ಮ ಹೋಗ್ಬಿಟ್ರು, ಹನ್ನೆರಡು ದಿನ ಆಯ್ತು. ಗುರುವಾರ ಹದಿನಾರನೇ ದಿನದ ಕಾರ್ಯ. ಫೋಟೋ ದೊಡ್ಡದು ಮಾಡಿಸ್ಬೇಕು. ಫೋನಲ್ಲಿರೋದೆಲ್ಲ ಆಸ್ಪತ್ರೆದು, ಮುಖ ನೋಡಕ್ಕಾಗಲ್ಲ. ಹಳೇದೆಲ್ಲ ಮನೆಗೆ ಮಳೆ ನೀರು ನುಗ್ಗಿದಾಗ ಹೋಯ್ತು. ನಿಮ್ ಹತ್ರ ಅಮ್ಮ ನಗ್ತಿರೋದು ಒಂದಾದ್ರೂ ಇರುತ್ತಲ್ವಾ? ಅಂಕಲ್ ಯಾವಾಗ್ಲೂ ತೆಗೀತಾನೇ ಇದ್ರಲ್ಲ."

"ಇರುತ್ತೆ ಕಣೋ, ರಾಶಿ ಇದೆ, ಬಾ" ಎಂದೆ. ಎಂಥ ಧೈರ್ಯ ನನಗೆ!

ಆಲ್ಬಮ್ಮುಗಳನ್ನೆಲ್ಲ ಅಟ್ಟದಿಂದ ಇಳಿಸಿದೆವು. ಸೆಲ್ವಿ ಎಲ್ಲದರಲ್ಲೂ ಇದ್ದಳು. ಅನು ಮಣ್ಣು ತಿನ್ನುವಾಗ ಹಿಂದೆ ಹಸಿರು ಮಸುಕು, ಅದು ಸೆಲ್ವಿ. ಅನುವಿನ ಮೊದಲ ಹುಟ್ಟುಹಬ್ಬದಲ್ಲಿ ಕೇಕಿನ ಹಿಂದೆ ಹಳದಿ ಮಸುಕು, ಅದೂ ಸೆಲ್ವಿ. ಅನುವಿನ ಮೂಗಿನ ತುದಿಯ ಬೆವರಿನ ಹನಿ ಕಾಣುತ್ತದೆ, ಒಂದು ಮಾರು ಹಿಂದೆ ನಿಂತವಳಿಗೆ ಕಣ್ಣಿಲ್ಲ, ಬಾಯಿಲ್ಲ. ಒಂದು ಫೋಟೋದಲ್ಲಂತೂ ಮುಖವಿರಬೇಕಾದ ಕಡೆ ಬೆಳಕಿನ ದೊಡ್ಡ ಬಿಲ್ಲೆ.

ಯಜಮಾನರು ಕನ್ನಡಕ ಏರಿಸಿದರು. "ನೋಡೇ, ಆ ಗುಂಡು ಎಷ್ಟು ನೀಟಾಗಿ ಬಂದಿದೆ! ಅವಳ ಮೂಗುಬೊಟ್ಟಿಗೆ ಬಿಸಿಲು ಬಿದ್ದು ಆಗಿದ್ದು. ಈಗಿನ ಫೋನಿಗೆಲ್ಲಿ ಬರುತ್ತೆ ಇದು?"

"ರೀ, ನಿಮ್ಮ ಗುಂಡಿಗಿಷ್ಟು ಬೆಂಕಿ ಹಾಕ!" ಎಂದು ಕಿರುಚಿದೆ. "ಆ ಹುಡುಗ ತಾಯಿ ಮುಖ ಕೇಳ್ತಿದಾನೆ. ನಾಲ್ಕು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ ಅವಳ ಕಡೆ ತಿರುಗಿಸೋಕೆ ನಿಮಗೇನಾಗಿತ್ತು?" ಅವರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸುತ್ತಾ ಕೂತರು.

ಆಗ ನನಗೆ ಡಬ್ಬಾ ನೆನಪಾಯಿತು. ಅದರಲ್ಲಿ ನಾನೇ ತೆಗೆದ ಒಂದು ರೀಲು ಇತ್ತಲ್ಲ! ತೊಳೆಸಿ ತಂದಿದ್ದ ಲಕೋಟೆ ಸಿಕ್ಕಿತು. ಗೆದ್ದೆ ಎಂದು ಬೀಗುತ್ತಾ ಅದರಲ್ಲಿ ಉಳಿದಿದ್ದ ಒಂದೇ ಫೋಟೋ ಎತ್ತಿ ಇವರ ಮುಖಕ್ಕೆ ಹಿಡಿದೆ. ವಠಾರದ ಮೋಟುಗೋಡೆಯ ಮೇಲೆ ಅನು ಕೂತಿದ್ದಾಳೆ. ಹಿಂದೆ ನಲ್ಲಿ, ಸಾಲು ಬಿಂದಿಗೆ, ಹಗ್ಗದ ಮೇಲೆ ನನ್ನ ಲಂಗ, ಟ್ರಾನ್ಸ್‌ಫಾರ್ಮರ್ ಎಲ್ಲವೂ ನಿಚ್ಚಳ. ಎಡ ಅಂಚಿನಲ್ಲಿ ಮೊಣಕೈವರೆಗೆ ಒಂದು ಕೈ. ತೋರುಬೆರಳಿಗೆ ಬಾಳೆನಾರು ಸುತ್ತಿಕೊಂಡಿದೆ. ಆ ಕೈ ಅನುವಿನ ಫ್ರಾಕನ್ನು ಹಿಂದಿನಿಂದ ಮುಷ್ಟಿಕಟ್ಟಿ ಹಿಡಿದಿದೆ. ಕೈಯಿಂದಾಚೆಗೆ ಫೋಟೋ ಮುಗಿದಿದೆ.

"ಇದರಲ್ಲಿ ಮಸುಕೇ ಇಲ್ವಲ್ಲೇ. ಅವಳೆಲ್ಲಿ ಮತ್ತೆ?" ಎಂದರು ಯಜಮಾನರು, ಮೆಲ್ಲಗೆ.

ನನಗೆ ನೆನಪಾಯಿತು. ಅತ್ತೆಮನೆಗೆ ಕಳಿಸಲೆಂದು ತೆಗೆದ ಫೋಟೋ ಅದು. ಹೂ ಕಟ್ಟುವುದನ್ನು ಬಿಟ್ಟು ಓಡಿಬಂದು ಮಗುವನ್ನು ಹಿಡಿದುಕೊಂಡಿದ್ದಳು ಸೆಲ್ವಿ, ನಗುತ್ತಿದ್ದಳು. ನಾನು ಡಬ್ಬಾದಲ್ಲಿ ಕಣ್ಣಿಟ್ಟು ಅಂದಿದ್ದೆ: "ಸೆಲ್ವಿ, ಸ್ವಲ್ಪ ಆ ಕಡೆ ಸರ್ಕೋ. ಮಗು ಒಂದೇ ಬರ್ಲಿ."

ಇಷ್ಟು ವರ್ಷ ಲೆನ್ಸನ್ನು ಬೈದೆ, ಲೆನ್ಸ್ ಕೊಂಡವರನ್ನು ಬೈದೆ, ಮೊನ್ನೆ ಫೋನನ್ನೂ ಬೈದೆ. ಡಬ್ಬಾಕ್ಕೆ ಯಾರನ್ನೂ ಅಳಿಸಲು ಬರುತ್ತಿರಲಿಲ್ಲ. ಆ ಕೆಲಸವನ್ನು ನಾನು ಬಾಯಲ್ಲೇ ಮಾಡಿದ್ದೆ.

ಸಂಜೆ ಮುರುಗ ಬಂದ. ತಲೆ ಬೋಳಿಸಿಕೊಂಡಿದ್ದ, ಕಣ್ಣು ಮಾತ್ರ ತಾಯಿಯದೇ. ಮಸುಕಿನ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡಿದ. ಒಂದೂ ಆಗುವುದಿಲ್ಲವೆಂದು ಅವನಿಗೂ ತಿಳಿಯಿತು. ಕೊನೆಗೆ ಕೈಯ ಫೋಟೋ ಅವನೆದುರು ಇಟ್ಟೆ. ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ.

"ನಾನೇ ಕಣೋ ಮುರುಗಾ, ಆ ಕಡೆ ಸರ್ಕೋ ಅಂದಿದ್ದು."

"ಗೊತ್ತು ಆಂಟಿ" ಎಂದ. "ಅಮ್ಮ ಹೇಳ್ತಿದ್ರು."

"ಏನಂತ ಹೇಳ್ತಿದ್ಲೋ?"

"ಅಕ್ಕ ಸರ್ಕೋ ಅಂದ್ರು, ಸರ್ಕೊಂಡೆ. ಕೈ ಬಿಟ್ರೆ ಪಾಪು ಬಿದ್ಬಿಡುತ್ತಲ್ಲ, ಅದಕ್ಕೆ ಕೈ ಮಾತ್ರ ಅಲ್ಲೇ ಬಿಟ್ಟೆ, ಅಂತ. ನಗ್ತಾ ಹೇಳೋರು."

ಕಾಫಿ ಕುಡಿದು, ಆ ಫೋಟೋವನ್ನೇ ಕೇಳಿ ತೆಗೆದುಕೊಂಡು ಹೋದ. ಯಜಮಾನರು ಅವನನ್ನು ಬಸ್‌ಸ್ಟಾಪಿನವರೆಗೆ ಬಿಟ್ಟುಬಂದರು.

ಅನುವಿಗೆ ಫೋನ್ ಮಾಡಿದೆ. ಭಾನುವಾರದ ಸಿಟ್ಟು ಇನ್ನೂ ಇದೆಯೆಂದುಕೊಂಡು ಅವಳು, "ಸಾರಿ ಅಮ್ಮಾ, ಮುಂದಿನ ಸಲ ನಿನ್ನೂ ಸೇರಿಸಿ ತೆಗೀತೀನಿ" ಎಂದಳು.

"ಅದಿರಲಿ. ಗುರುವಾರ ರಜಾ ಹಾಕು. ಮಗೂನ ಎತ್ಕೊಂಡು ಮರ್ಫಿ ಟೌನಿಗೆ ಬಾ. ಸೆಲ್ವಿ ಹೋಗ್ಬಿಟ್ಳಂತೆ."

"ಯಾರಮ್ಮಾ ಸೆಲ್ವಿ?"